ತತ್ತಿಯಾದ ವರ್ತುಳಗಳು

ಹುರಿದ ಶೇಂಗಾದ ಸಿಪ್ಪೆ ಇನ್ನೂ ಅರ್ಧದಷ್ಟೂ ಹೋಗಿರಲಿಲ್ಲ. ದಾನವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಮೇ ತಿಂಗಳ ಗಾಳಿಗೆ ತೆಳ್ಳನೆಯ ಕೆಂಪು ಸಿಪ್ಪೆ ಹಾರಿ ಬಾವಿಯ ಸುತ್ತ ಬೀಳುತ್ತಿತ್ತು. ಒಂದಷ್ಟು ಅವಳ ಸೆರಗಿಗೂ ಅಂಟುತ್ತಿತ್ತು. ಇದು ಮುಗಿದ ಮೇಲೆ ಚಟ್ನಿ ಕುಟ್ಟುವುದಿತ್ತು. ಅಷ್ಟರಲ್ಲಿ ಅವಳ ಗಂಡನ ಹತ್ತಿ ಅಂಗಡಿಯ ಆಳು ಶರೀಫಸಾಬ ಉದ್ದನೆಯದೊಂದು ಸುರುಳಿಯನ್ನು ಬಗಲಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದು ಅಲ್ಲಿಂದಲೇ ಕೂಗಿದ.

"ಅಕ್ಕಾರ, ಮುಂಬೈದಿಂದ ಬಂದೈತ್ರಿ. ಪಾರ್ಸಲ್ ಆಫೀಸಿನ್ಯಾಗ ಬಿದ್ದಿತ್ತು. ಹತ್ತಿ ಅಂಡಿಗಿ ಆಮ್ಯಾಲ ನೋಡೋಣು, ಮೊದಲ ಇದನ್ನ ಮನಿಗೆ ಮುಟ್ಟಿಸಿ ಬಾ ಅಂದ್ರು ಸಾವಕಾರ್ರು."

ದಾನವ್ವನಿಗೆ ಓಡಿಹೋಗಿ ಇಸಿದುಕೊಳ್ಳಬೇಕೆನ್ನಿಸಿತು. ಆದರೆ ಮೊರದಲ್ಲಿದ್ದಷ್ಟನ್ನು ಕೇರಿ, ಡಬ್ಬಿಗೆ ಸುರಿದು, ಸೆರಗು ಝಾಡಿಸಿಕೊಂಡೇ ಎದ್ದಳು. ಹಿಡಿದ ಕೆಲಸ ಬಿಟ್ಟು ತನ್ನ ಕಾಗದಗಳಿಗೆ ಓಡಿದಳು ಎಂದು ಆ ಮನೆಯಲ್ಲಿ ಯಾರೂ ಅಂದಿರಲಿಲ್ಲ. ಅಂದಾರು ಎಂದು ಅವಳೇ ಎಣಿಸಿಕೊಂಡಿದ್ದಳು.

ಅಷ್ಟರಲ್ಲಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಶರಣವ್ವ ಸುರುಳಿಯ ದಾರ ಬಿಚ್ಚಿಯಾಗಿತ್ತು.

"ಯವ್ವಾ ನಮ್ಮವ್ವಾ! ಏ ಶರೀಫಾ, ಲಿಂಗವಂತರ ಮನ್ಯಾಗ ತತ್ತಿ ತಂದೀಯಲ್ಲೋ!"

"ಅಮ್ಮಾರ, ನಾ ಬಿಚ್ಚಿಲ್ರಿ. ಒಳಗ ಏನಿಟ್ಟಾರೋ ಅಲ್ಲಾಗ ಗೊತ್ತು."

"ನೋಡಿಲ್ಲಿ. ಒಂದಲ್ಲ, ಮೂರದಾವ. ಒಂದಕ್ಕೊಂದು ತಾಕಿಸಿ ನಿಲ್ಲಿಸ್ಯಾರ. ಯಾವ ಕೋಳಿ ಇಟ್ಟಿತ್ತೋ ಏನೋ!"

ದಾನವ್ವ ಬಂದು ಬಗ್ಗಿ ನೋಡಿದಳು. ಚಾಪೆಯ ಮೇಲೆ ಬಿಚ್ಚಿಕೊಂಡಿದ್ದ ಅಗಲವಾದ ಕಾಗದದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಸಾಲುಗಟ್ಟಿ ಮೂರು ಆಕಾರ ತಾಳಿದ್ದವು. ಅವು ವರ್ತುಳಗಳಾಗಿರಬೇಕಿತ್ತು. ಕೈವಾರದಲ್ಲಿ ತೆಗೆದಷ್ಟು ನುಣುಪಾಗಿ ಅಲ್ಲದಿದ್ದರೂ, ದುಂಡಗೆ, ನೋಡಿದೊಡನೆ ವರ್ತುಳ ಎನ್ನುವಂತೆ ಇರಬೇಕಿತ್ತು. ಇವು ಉದ್ದುದ್ದ ನಿಂತಿದ್ದವು. ಅತ್ತೆ ಹೇಳಿದ್ದು ಸುಳ್ಳಾಗಿರಲಿಲ್ಲ.

"ತಪ್ಪೇನಾರ ಅಂದ್ನೇನು?" ಸೊಸೆಯ ಮುಖ ನೋಡಿ ಶರಣವ್ವ ಕೇಳಿದಳು.

"ಇಲ್ರೀ ಅತ್ತಿ. ಖರೇನ ತತ್ತಿ ಆಗ್ಯಾವ."

ಮನೆಯಲ್ಲಿ ದಾನವ್ವ, ಧಾರವಾಡದ ಕಾಲೇಜಿನಲ್ಲಿ ದಾನಮ್ಮ ಬಾಯಾರು. ಹುಬ್ಬಳ್ಳಿಯ ಬೆಂಗೇರಿಯಿಂದ ದಿನಾ ಬಸ್ಸು ಹಿಡಿದು ಹೋಗಿ ಗಣಿತ ಕಲಿಸಲು ತೊಡಗಿ ಹದಿನಾಲ್ಕು ವರ್ಷವಾಗಿತ್ತು. ಹತ್ತಿ ದಲಾಲರ ಮನೆಯ ಸೊಸೆ ಗಣಿತ ಕಲಿಸುವುದು ಮೊದಮೊದಲು ಓಣಿಯವರಿಗೆ ಆಡಿಕೊಳ್ಳುವ ವಿಷಯವಾಗಿತ್ತು. ಆಮೇಲೆ ಅವರಿಗೂ ಬೇಸರ ಬಂದು ಬಿಟ್ಟುಬಿಟ್ಟರು.

ಅವಳು ಕಲಿಸುವುದರಲ್ಲಿ ಮಕ್ಕಳು ಅಂಜುತ್ತಿದ್ದುದು ಮ್ಯಾಟ್ರಿಕ್ಸಿಗೆ. ಸಾಲುಸಾಲಾಗಿ ಚೌಕದಲ್ಲಿ ಕೂಡಿಸಿದ ಅಂಕಿಗಳು. ಆ ಚೌಕದ ಹೊಟ್ಟೆಯಲ್ಲಿ ಐಗನ್ ಮೌಲ್ಯಗಳೆಂಬ ಬೇರೆ ಕೆಲವು ಅಂಕಿಗಳು ಅಡಗಿರುತ್ತವೆ. ಗಾಳಿಗೆ ಸೇತುವೆ ಎಷ್ಟು ತೂಗಾಡೀತು ಎಂಬಂಥ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಅಡಗಿದ ಅಂಕಿಗಳಲ್ಲಿ. ದೊಡ್ಡ ಚೌಕದಲ್ಲಿ ಅವನ್ನು ಕರಾರುವಾಕ್ಕಾಗಿ ಹುಡುಕಬೇಕೆಂದರೆ ಹಿಡಿಕೆ ತಿರುವುವ ಲೆಕ್ಕದ ಯಂತ್ರದ ಮುಂದೆ ದಿನಗಟ್ಟಲೆ ಕೂಡಬೇಕು. ಆದರೆ ಅವು ಎಲ್ಲಿಂದಾಚೆಗೆ ಇರಲಾರವು ಎಂದು ತಿಳಿಯಲು ಅಷ್ಟು ಕಷ್ಟವಿಲ್ಲ. ರಷ್ಯಾದ ಗಣಿತಜ್ಞನೊಬ್ಬ ಹೇಳಿಕೊಟ್ಟ ಉಪಾಯವೊಂದಿದೆ. ಒಂದೊಂದು ಸಾಲಿನಲ್ಲೂ ಕರ್ಣದ ಮೇಲೆ ಕೂತ ಅಂಕಿಯನ್ನು ಕೇಂದ್ರವಾಗಿ ಹಿಡಿಯಬೇಕು. ಅದೇ ಸಾಲಿನ ಉಳಿದ ಅಂಕಿಗಳ ಕೂಡು-ಕಳೆ ಚಿಹ್ನೆ ಅಳಿಸಿ ಎಲ್ಲವನ್ನೂ ಕೂಡಿಸಬೇಕು. ಬಂದ ಮೊತ್ತವೇ ತ್ರಿಜ್ಯ. ಹೀಗೆ ಸಾಲಿಗೊಂದು ವರ್ತುಳ ತೆಗೆದರೆ, ಅಡಗಿದ ಅಂಕಿಗಳೆಲ್ಲ ಆ ವರ್ತುಳಗಳ ಒಳಗೇ ಇರುತ್ತವೆ. ಹೊರಗೆ ಒಂದೂ ಇರುವುದಿಲ್ಲ.

"ಬಾಯಾರ, ಇದು ಬೇಲಿ ಹಾಕೋ ಗಣಿತ ಅಲ್ರೀ?" ಎಂದು ನವಲೂರಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು.

"ಹೌದು ನೋಡು. ಎಮ್ಮಿ ಹೊಲದಾಗ ಎಲ್ಲಿ ಮೇಯಾಕತ್ತೈತಿ ಅಂತ ಹೇಳಂಗಿಲ್ಲ. ಬೇಲಿ ದಾಟಿಲ್ಲ ಅಂತ ಅಷ್ಟ ಹೇಳತೈತಿ."

ಕ್ಲಾಸೆಲ್ಲ ನಕ್ಕಿತ್ತು. ಅಂದಿನಿಂದ ಆ ಪಾಠಕ್ಕೆ ಎಮ್ಮೆಯ ಪಾಠ ಎಂದೇ ಹೆಸರಾಯಿತು. ಕೈವಾರ ಹಿಡಿದು ವರ್ತುಳ ತೆಗೆಯುವಾಗ ಹುಡುಗಿಯರಿಗೆ ಮ್ಯಾಟ್ರಿಕ್ಸಿನ ಅಂಜಿಕೆ ಮರೆತುಹೋಗುತ್ತಿದ್ದುದನ್ನು ದಾನವ್ವ ಕಂಡಿದ್ದಳು. ಮುಂಬೈಯಲ್ಲಿ ಕಂಪ್ಯೂಟರ್ ಎಂಬ ದೊಡ್ಡ ಯಂತ್ರ ಬಂದಿದೆ, ಹೊರಗಿನ ಕಾಲೇಜುಗಳವರೂ ಹಾಳೆಯ ಮೇಲೆ ಬರೆದು ಕಳಿಸಿದರೆ ಅದರಲ್ಲಿ ಹಾಕಿ ಉತ್ತರ ಕಳಿಸುತ್ತಾರೆ ಎಂದು ಗೊತ್ತಾದಾಗ ಅವಳಿಗೆ ಮೊದಲು ಹೊಳೆದದ್ದೇ ಈ ಪಾಠ. ಮ್ಯಾಟ್ರಿಕ್ಸ್ ಕೊಟ್ಟರೆ ಯಂತ್ರವೇ ಕೇಂದ್ರ, ತ್ರಿಜ್ಯ ಲೆಕ್ಕ ಹಾಕಿ, ಚುಕ್ಕೆಗಳಿಂದ ವರ್ತುಳ ಅಚ್ಚು ಹಾಕಿ, ನಿಜವಾದ ಐಗನ್ ಮೌಲ್ಯಗಳು ಅವುಗಳೊಳಗೆ ಎಲ್ಲಿ ಬಿದ್ದಿವೆ ಎಂದು ಗುರುತು ಹಾಕಿ ತೋರಿಸಬೇಕು. ಸಣ್ಣ ಪ್ರೋಗ್ರಾಮು. ಯಂತ್ರ ಬಲ್ಲವರಿಗೆ ಅದೇನೂ ದೊಡ್ಡದಲ್ಲ. ಅವಳು ಸೈಕ್ಲೋಸ್ಟೈಲ್ ಮಾಡಿದ ಮಾಸಲು ಕೈಪಿಡಿಯೊಂದನ್ನು ಓದಿ, ಬೇಳೆ ಬೇಯುವ ಹೊತ್ತು, ಬಸ್ಸು ಕಾಯುವ ಹೊತ್ತು ಕೂಡಿಸಿ, ಚಳಿಗಾಲದಲ್ಲಿ ತೊಡಗಿ ಯುಗಾದಿಯ ಹೊತ್ತಿಗೆ ಮುಗಿಸಿದ್ದಳು. ಬರುವ ವಾರದ ನಂತರ ಕಾಲೇಜಿನಲ್ಲಿ ಬೇಸಿಗೆಯ ಶಿಬಿರವಿತ್ತು. ಕಾರವಾರ, ಬೆಳಗಾವಿ, ಗದಗ, ವಿಜಾಪುರಗಳಿಂದ ಗಣಿತದ ಅಧ್ಯಾಪಕರು ಬರುವವರಿದ್ದರು. ಅವರ ಮುಂದೆ ದಾನಮ್ಮ ಬಾಯಾರು ಈ ಪ್ರೋಗ್ರಾಮು ತೋರಿಸಬೇಕೆಂದು ನಿಶ್ಚಯವಾಗಿತ್ತು. ಹದಿನಾಲ್ಕು ವರ್ಷದಲ್ಲಿ ತನ್ನದೇ ಎನ್ನುವಂಥದ್ದನ್ನು ಹಿಡಿದು ಅವಳು ಹೊರಗಿನವರ ಮುಂದೆ ನಿಲ್ಲುವುದು ಅದೇ ಮೊದಲು.

ಆ ಮಧ್ಯಾಹ್ನ ಚಟ್ನಿ ಕುಟ್ಟುವುದು ಹಾಗೇ ಉಳಿಯಿತು. ಅವಳು ಅಂಕಿ ಅಂಕಿಯಾಗಿ ತಾಳೆ ನೋಡಿದಳು. ಕೇಂದ್ರಗಳು ಸರಿಯಾಗಿದ್ದವು. ತ್ರಿಜ್ಯಗಳು ಸರಿಯಾಗಿದ್ದವು. ಅಡಗಿದ ಮೂರು ಮೌಲ್ಯಗಳೂ ಇರಬೇಕಾದಲ್ಲೇ ಇದ್ದವು. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಅವು ತತ್ತಿಗಳೇ.

ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸುರುಳಿ ಬಿಚ್ಚಿದಾಗ ತ್ರ್ಯಂಬಕರಾವ್ ತಲೆ ಹಿಂದಕ್ಕೆ ಹಾಕಿ ನಕ್ಕ. ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು, ಅವಳ ವಿಭಾಗದವನೇ. ಎರಡು ವರ್ಷದ ಹಿಂದೆ ಮುಂಬೈಯಲ್ಲಿ ಆರು ತಿಂಗಳಿದ್ದು ಕಂಪ್ಯೂಟರಿನ ತರಬೇತಿ ಪಡೆದು ಬಂದಿದ್ದ. ಕೈಪಿಡಿ ತಂದುಕೊಟ್ಟವನೂ ಅವನೇ.

"ಬಾಯಾರ, ನೀವು ಶಾಕಾಹಾರಿ ಅಂತ ಆ ಮಶೀನಿಗೆ ಯಾರೂ ಹೇಳಿಲ್ಲ ಕಾಣಸ್ತದ!"

"ನಮ್ಮ ಅತ್ತೀನೂ ಅದನ್ನ ಅಂದ್ರು. ನಗೂದು ಆಮ್ಯಾಲ ನಗ್ರಿ ರಾಯರ. ಯಾಕ ಹಿಂಗಾತು ಹೇಳ್ರಿ. ನನ್ನ ಲೆಕ್ಕ ತಪ್ಪಿಲ್ಲ."

"ಲೆಕ್ಕ ಏನೂ ತಪ್ಪಿಲ್ರಿ. ನೀವು ಗ್ರಾಫ್ ಪೇಪರಿನ ಮ್ಯಾಲೆ ಗುರುತು ಹಾಕ್ಕೊಂಡು ಬರದ್ರಿ. ಅದರಾಗ ಮನಿ ಎಲ್ಲಾ ಚೌಕ ಇರತಾವ. ಮಶೀನಿಂದು ಹಂಗಲ್ಲ. ಅದು ಅಕ್ಷರ ಅಡ್ಡಡ್ಡ ಒತ್ತೊತ್ತಿ ಹೊಡೀತದ, ಸಾಲಿಗೂ ಸಾಲಿಗೂ ನಡುವ ಜಾಗಾ ಜಾಸ್ತಿ ಬಿಡ್ತದ. ಇಲ್ಲಿ ಚೌಕ ಇದ್ದದ್ದು ಅಲ್ಲಿ ಉದ್ದ ಆಗತದ. ಹಿಂಗಾಗಿ ನಿಮ್ಮ ವರ್ತುಳ ಎದ್ದು ನಿಂತಾವ, ಅಷ್ಟ. ಎರಡು ಸಾಲು ತಿದ್ದಿದ್ರ ಮುಗೀತು."

ಎರಡೇ ಸಾಲು. ದಾನವ್ವ ಕಾಗದವನ್ನೇ ನೋಡುತ್ತ ಕೇಳಿದಳು. "ಕಳಸೋಕಿಂತ ಮೊದಲ ನನ್ನ ಹಾಳಿ ನೀವು ನೋಡಿದ್ರೆಲ್ರೀ?"

"ನೋಡಿದ್ದೆರೀ." ಅವನ ನಗು ಇಳಿಯಿತು. "ಖರೇ ಹೇಳಬೇಕಂದ್ರ ಹೊಳೀಲೇ ಇಲ್ಲ. ಒಮ್ಮೆ ಕಣ್ಣಿಂದ ನೋಡಿದವರಿಗೆ, ಇದೂ ಒಂದು ಹೇಳೋ ಮಾತು ಅಂತ ಅನಸೂದ ಇಲ್ರಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಒಂದು ದಿನ, ಒಂದೇ ಒಂದು ದಿನ ಆ ಯಂತ್ರದ ಪಕ್ಕದಲ್ಲಿ ನಿಂತು ಅದು ಕಾಗದದ ಮೇಲೆ ಅಚ್ಚು ಹೊಡೆಯುವುದನ್ನು ನೋಡಿದ್ದರೆ ತನಗೂ ಗೊತ್ತಾಗುತ್ತಿತ್ತು. ಪುಸ್ತಕದಲ್ಲಿ ಇದು ಇರಲಿಲ್ಲ, ನೋಡಿದವರಾರೂ ಬರೆದಿಡಬೇಕೆಂದುಕೊಂಡಿರಲಿಲ್ಲ.

ವಿಭಾಗದ ಮುಖ್ಯಸ್ಥರಾದ ಸಿದ್ದಲಿಂಗಪ್ಪನವರು ಬಂದು ಕಾಗದವನ್ನು ಕೈಗೆತ್ತಿಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. ಕನ್ನಡಕ ಮೇಲೇರಿಸಿದರು. ಅವರು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ನೋಡ್ರೆವಾ, ತ್ರ್ಯಂಬಕರಾವ್ ಗುರುವಾರ ಹೆಂಗೂ ಮುಂಬೈಕ ಹೋಗವರದಾರ. ನೀವು ತಿದ್ದಿದ ಹಾಳಿ ಕೊಡ್ರಿ, ಅವರು ಅಲ್ಲೇ ನಿಂತು ಮಾಡಿಸಿಕೊಂಡು ಬರಲಿ. ಟಪಾಲಿಗೆ ಹಾಕಿದ್ರ ಶಿಬಿರ ಮುಗದ ಮ್ಯಾಲ ಬರತಾವ."

"ಹೌದ್ರಿ ಸರ್."

"ಮತ್ತ ಇನ್ನೊಂದು. ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತ ಮಂದಿ ಮುಂದ ತೋರಸೋದೂ ಅವರ ತೋರಸಲಿ. ಪ್ರೋಗ್ರಾಮ್ ನಿಮ್ಮದ, ಹೆಸರೂ ನಿಮ್ಮದ. ಆದ್ರ ಬಂದ ಮಂದಿ ಮೊದಲ ಕೇಳೋದ ಮಶೀನಿಂದು. ಎಷ್ಟು ದೊಡ್ಡದೈತಿ, ತೂತು ಹಾಕಿದ ಕಾರ್ಡು ಹೆಂಗ ನುಂಗತೈತಿ, ಎಷ್ಟು ಹೊತ್ತು ತಗೋತೈತಿ. ನೀವು ಅದನ್ನ ನೋಡಿಲ್ಲ. ಒಬ್ಬ ನಕ್ಕಾ ಅಂದ್ರ ಮುಂದಿನ ಮಾತು ಯಾರ ಕಿವಿಗೂ ಹೋಗಂಗಿಲ್ಲ..."

"ಆಗಲಿ ಸರ್" ಎಂದಳು ದಾನವ್ವ, ಅವರ ಮಾತು ಮುಗಿಯುವ ಮೊದಲೇ.

"ನೀವ ಇರ್ರಿ ಬಾಯಾರ, ನಾ ಬರೇ ಮಶೀನಿನ ಬಗ್ಗೆ ಎರಡು ಮಾತು..." ತ್ರ್ಯಂಬಕರಾವ್ ಏನೋ ಹೇಳಲು ಹೋದ.

"ಇಲ್ರಿ, ಸರ್ ಹೇಳಿದ್ದ ಬರೋಬ್ಬರಿ ಐತಿ."

ಅವಳು ಕಾಗದ ಸುತ್ತಿ ದಾರ ಕಟ್ಟಿದಳು. ಆ "ಆಗಲಿ" ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದು ಅವಳಿಗೆ ಹೊಳೆದದ್ದು ಹಿಂದಿರುಗುವ ಬಸ್ಸಿನಲ್ಲಿ, ಉಣಕಲ್ಲ ಕೆರೆ ದಾಟುವಾಗ. ಯಾರೂ ಅದನ್ನು ಕಿತ್ತುಕೊಂಡಿರಲಿಲ್ಲ. ಕೈ ಚಾಚುವ ಮೊದಲೇ ಕೊಟ್ಟುಬಿಟ್ಟಿದ್ದಳು.

ಎರಡು ವರ್ಷದ ಹಿಂದೆಯೂ ಹಾಗೆಯೇ. ಮುಂಬೈ ತರಬೇತಿಗೆ ಕಾಲೇಜಿನಿಂದ ಒಬ್ಬರನ್ನು ಕಳಿಸಬೇಕೆಂದಾಗ ಸಿದ್ದಲಿಂಗಪ್ಪನವರು ಮೊದಲು ಕೇಳಿದ್ದು ಅವಳನ್ನೇ. ನಾಳೆ ಹೇಳುತ್ತೇನೆ ಎಂದು ಬಂದಿದ್ದಳು. ಬಸ್ಸಿನಲ್ಲಿ ಬರುತ್ತ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಲೆಕ್ಕ ಹಾಕಿದ್ದಳು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ನಾದಿನಿ ಚೊಚ್ಚಲು ಹೆರಿಗೆಗೆ ಬಂದಿದ್ದಳು. ಮಗಳಿಗೆ ಮೆಟ್ರಿಕ್ ಪರೀಕ್ಷೆ. ಗಂಡನಿಗೆ ಹತ್ತಿ ಸುಗ್ಗಿ. ರಾತ್ರಿ ಊಟಕ್ಕೆ ಬಡಿಸುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ್ದಳು.

"ನಮ್ಮ ಕಾಲೇಜಿನಿಂದ ಯಾರನ್ನೋ ಆರು ತಿಂಗಳು ಮುಂಬೈಕ ಕಳಸ್ತಾರಂತ್ರಿ."

"ಹೌದಾ?" ಎಂದಿದ್ದ ನೀಲಕಂಠಪ್ಪ. "ಛಲೋ ಆತು. ಏ, ಬದನಿಕಾಯಿ ಪಲ್ಯ ಇನ್ನಷ್ಟು ಹಾಕಿಲ್ಲಿ."

ಅದನ್ನೇ ಉತ್ತರವೆಂದುಕೊಂಡಳು. ಮರುದಿನ ಹೋಗಿ ಮನೆಯಲ್ಲಿ ಆಗುವುದಿಲ್ಲ ಎಂದಳು. ಸಿದ್ದಲಿಂಗಪ್ಪನವರು ಮತ್ತೊಮ್ಮೆ ಕೇಳಿದರು, ಆಗಲೂ ಅದನ್ನೇ ಅಂದಳು. ತ್ರ್ಯಂಬಕರಾವ್ ಹೋದ. ಆ ಆರು ತಿಂಗಳು ಅವಳು ಬಾಣಂತಿಗೆ ನೀರು ಹಾಕಿದಳು, ಅತ್ತೆಯ ಕೈಗೆ ಎಣ್ಣೆ ತಿಕ್ಕಿದಳು, ತ್ರ್ಯಂಬಕರಾವ್‌ನ ಕ್ಲಾಸುಗಳನ್ನೂ ತಾನೇ ತೆಗೆದುಕೊಂಡಳು. ಎಲ್ಲರೂ ಒಳ್ಳೆಯವಳೆಂದರು. ಈಗ ಆ ತರಬೇತಿಗೆ ನಲವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಕಳೆದ ಶ್ರಾವಣಕ್ಕೆ ಅವಳಿಗೆ ನಲವತ್ತು ದಾಟಿತ್ತು.

ಸಂಜೆ ಶರಣವ್ವ ಪಡಸಾಲೆಯ ಕಂಬಕ್ಕೆ ಒರಗಿ ಮಾವಿನಹಣ್ಣಿನ ಬುಟ್ಟಿಯಲ್ಲಿ ಕೈಯಾಡಿಸಿ, ಮೆತ್ತಗಾದವನ್ನು ಬೇರೆ ಮಾಡುತ್ತಿದ್ದಳು. ದಾನವ್ವ ಎದುರಿಗೆ ಕೂತು ಕೊಳೆತ ಭಾಗ ಕೊಯ್ದು ಹಾಕುತ್ತಿದ್ದಳು.

"ಏನಾತವಾ ನಿನ್ನ ತತ್ತಿ? ಮರಿ ಆದ್ವೋ ಇಲ್ಲೋ?"

"ತ್ರ್ಯಂಬಕರಾಯರು ಮುಂಬೈಕ ಹೊಂಟಾರ್ರಿ. ಅಲ್ಲೇ ತಿದ್ದಿಸಿ ತರತಾರ. ಅವರ ತೋರಸ್ತಾರ."

"ಅವ ಯಾಕ ತೋರಸ್ತಾನ? ದಿನಾ ದೀಪ ಹಚ್ಚಿಕೊಂಡು ಗೀಚಿದಾಕಿ ನೀನು. ಪಲ್ಯ ಸೀದಿದ್ದು ತಿಂದಾಕಿ ನಾನು."

ದಾನವ್ವನಿಗೆ ನಗು ಬಂತು. "ಅವರು ಮಶೀನ ನೋಡ್ಯಾರ್ರಿ. ನಾ ನೋಡಿಲ್ಲ."

"ನೀ ಯಾಕ ನೋಡಲಿಲ್ಲ?"

ಈಳಿಗೆಗೆ ಒತ್ತಿದ ಮಾವಿನಹಣ್ಣು ಅಲ್ಲೇ ನಿಂತಿತು. ಹೇಳಬಾರದೆಂದಿದ್ದ ಮಾತನ್ನು ದಾನವ್ವ ಹೇಳಿಬಿಟ್ಟಳು. "ಆ ವರ್ಷ ನನ್ನ ಕರದಿದ್ರು ಅತ್ತಿ. ಆರು ತಿಂಗಳು. ನಿಮ್ಮ ಕೈ ಮುರದಿತ್ತು. ಮನ್ಯಾಗ ಬಾಣಂತನ. ಹೆಂಗ ಹೋಗ್ಲಿ ಅಂತ..."

ಶರಣವ್ವ ಹಣ್ಣು ಕೆಳಗಿಟ್ಟಳು. "ನನಗ ಕೇಳಿದ್ದೇನು?"

"ಇಲ್ಲ."

"ನಿನ್ನ ಗಂಡಗ?"

"ಹೇಳಿದ್ದೆ... ಹಂಗ ಮಾತಿನ್ಯಾಗ."

"ಅಂವ ಉಣ್ಣೂ ಹೊತ್ತಿನ್ಯಾಗ ಮನೀಗೆ ಬೆಂಕಿ ಹತ್ತೈತಿ ಅಂದ್ರೂ ಹೌದಾ ಅಂತಾನ. ಅದು ಕೇಳಿದಂಗಾತೇನು?" ಶರಣವ್ವನ ದನಿ ಏರಿತು. "ನನ್ನ ಕೈಗೆ ಎಣ್ಣಿ ಹಚ್ಚಾಕ ಹುಬ್ಬಳ್ಳ್ಯಾಗ ಬ್ಯಾರೆ ಕೈ ಇದ್ದಿದ್ದಿಲ್ಲಾ? ಬಾಣಂತನಕ್ಕ ನನ್ನ ತಂಗೀನ್ನ ಕರಸತಿದ್ದೆ. ಬಾ ಅಂದ್ರ ಬಂದು ಹಾಲ ಕುಡಕೋಂತ ವರ್ಷ ಇರತಾಳಾಕಿ. ನನ್ನ ಸೊಸಿ ಮುಂಬೈಕ ಮಶೀನ ಕಲಿಯಾಕ ಹೋಗ್ಯಾಳಂತ ಮಠದ ಕಟ್ಟೀಮ್ಯಾಲ ಕುಂತು ಎಲ್ಲಾರಿಗೂ ಹೇಳತಿದ್ದೆ."

ಬುಟ್ಟಿಯ ಮೇಲೆ ಸಣ್ಣ ನೊಣಗಳು ಆಡುತ್ತಿದ್ದವು. ಶರಣವ್ವ ಒಂದು ಹಣ್ಣನ್ನು ಎತ್ತಿ ಮೂಸಿ, ಅದನ್ನೇ ನೋಡುತ್ತ ಮೆಲ್ಲಗೆ ಅಂದಳು.

"ಇಲ್ಲಾ, ಹೇಳತಿದ್ದಿಲ್ಲೇನೋ. ಬ್ಯಾಡ ಅಂತಿದ್ದೆನೇನೋ. ಆಗ ಕೈ ಭಾಳ ನೋಯತಿತ್ತು, ಬುದ್ಧಿ ನೆಟ್ಟಗಿದ್ದಿಲ್ಲ. ಈಗ ಕುಂತು ಕಳಸತಿದ್ದೆ ಅನ್ನೋದು ಸಸಾರ. ಆದ್ರ ಬ್ಯಾಡ ಅನ್ನಾಕರ ಒಂದ ಸಲ ಬಿಡಬೇಕಿತ್ತ ನನ್ನ ನೀನು. ಕೇಳಲಿಲ್ಲ, ನಮ್ಮನ್ನ ಕೆಟ್ಟವರ ಮಾಡಿ ಕುಂತಿ."

ಎದ್ದು ಬಚ್ಚಲಿಗೆ ಕೈ ತೊಳೆಯಲು ಹೋದಳು. ದಾನವ್ವ ಒಬ್ಬಳೇ ಕೂತು ಹಣ್ಣು ಕೊಯ್ಯುತ್ತಲೇ ಇದ್ದಳು, ಕೊಳೆಯದ ಭಾಗವನ್ನೂ ಕೊಯ್ದಳು. ಅತ್ತೆ ಹೇಳಿದ ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಈಗ ಯಾವ ದಾರಿಯೂ ಇರಲಿಲ್ಲ. ಕಳಿಸುತ್ತಿದ್ದಳೇನೋ. ಕಳಿಸುತ್ತಿರಲಿಲ್ಲವೇನೋ. ಗಂಡನಾದರೂ ಅಷ್ಟೇ. "ಛಲೋ ಆತು" ಎಂದಿದ್ದನಲ್ಲ. ಆ ಮಾತನ್ನು ಅವಳು ಎರಡು ವರ್ಷ ಮರೆತೇಬಿಟ್ಟಿದ್ದಳು, ಬದನೆಕಾಯಿ ಪಲ್ಯವನ್ನು ಮಾತ್ರ ನೆನಪಿಟ್ಟುಕೊಂಡಿದ್ದಳು.

ತಾನು ಆ ದಿನ ಬಸ್ಸಿನಲ್ಲಿ ಹಾಕಿದ ಲೆಕ್ಕ ಅವಳಿಗೆ ನೆನಪಾಯಿತು. ಸಾಲಿನಲ್ಲಿದ್ದವರೆಲ್ಲರನ್ನೂ ಚಿಹ್ನೆ ಅಳಿಸಿ ಕೂಡಿಸಿದ್ದಳು. ಯಾರು ತನ್ನನ್ನು ಹಿಂದಕ್ಕೆ ಎಳೆದಾರು, ಯಾರು ಮುಂದಕ್ಕೆ ತಳ್ಳಿಯಾರು ಎಂದು ನೋಡಿರಲಿಲ್ಲ. ಎಲ್ಲರೂ ಭಾರವೇ. ಗಣಿತದಲ್ಲಿ ಹಾಗೆ ಮಾಡುವುದು ತಪ್ಪಲ್ಲ, ಏಕೆಂದರೆ ಅಲ್ಲಿ ಸಿಗುವುದು ಬರಿಯ ಅಂದಾಜು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಬೇಲಿ ಹಾಕಿ ಎಮ್ಮೆ ಸಿಕ್ಕಿತೆಂದು ಯಾರೂ ಮನೆಗೆ ಹೋಗುವುದಿಲ್ಲ. ಹುಡುಗಿಯರಿಗೆ ಇದನ್ನು ವರ್ಷ ವರ್ಷವೂ ಹೇಳಿದವಳು, ತನ್ನ ವಿಷಯದಲ್ಲಿ ಮಾತ್ರ ಬೇಲಿ ಹಾಕಿ ಮನೆಗೆ ಹೋಗಿಬಿಟ್ಟಿದ್ದಳು.

ಆ ಎರಡು ಸಾಲು ತಿದ್ದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬುಧವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ತಿದ್ದಿದಳು. ಸಾಲಿಗೂ ಸಾಲಿಗೂ ನಡುವಿನ ಅಂತರಕ್ಕೆ ತಕ್ಕಂತೆ ಲೆಕ್ಕವನ್ನು ಕುಗ್ಗಿಸಿದಳು. ಹಾಲು ಉಕ್ಕಲಿಲ್ಲ. ಹೊಸ ಹಾಳೆಗೆ ಎಲ್ಲವನ್ನೂ ಶುದ್ಧವಾಗಿ ಬರೆದು ಚೀಲದಲ್ಲಿಟ್ಟಳು.

ನೀಲಕಂಠಪ್ಪ ಚಹಾ ಕುಡಿಯುತ್ತ ಕೇಳಿದ. "ಅವತ್ತ ಶರೀಫ ತಂದಿದ್ದು ಬರೋಬ್ಬರಿ ಇತ್ತೇನು?"

"ಸ್ವಲ್ಪ ತಿದ್ದೂದಿತ್ರಿ."

"ಹೌದಾ?" ಎಂದು ಬಸಿಯಲ್ಲಿದ್ದ ಚಹಾಕ್ಕೆ ಊದಿದ. ದಾನವ್ವ ಅವನ ಮುಖ ನೋಡುತ್ತ ನಿಂತಳು. ನಿಂತದ್ದು ಇನ್ನೇನಾದರೂ ಕೇಳಿಯಾನೇ ಎಂದಲ್ಲ. ಈ ಮನುಷ್ಯ ಯಾವುದಕ್ಕಾದರೂ ತನಗೆ ಬೇಡ ಎಂದಿದ್ದನೇ ಎಂದು ನೆನಪಿಸಿಕೊಳ್ಳುತ್ತಿದ್ದಳು. ತವರಿಗೆ ಒಮ್ಮೆ. ಬಳ್ಳಾರಿಯ ಒಂದು ಮದುವೆಗೆ. ಅದಕ್ಕಿಂತ ಹೆಚ್ಚು ನೆನಪಾಗಲಿಲ್ಲ. ಅವಳು ಕೇಳಿದ್ದೇ ಅಷ್ಟು.

ರಜೆಯ ಕಾಲೇಜು ಖಾಲಿಯಾಗಿತ್ತು. ಸ್ಟಾಫ್ ರೂಮಿನ ಕಿಟಕಿಯಿಂದ ಒಣಗಾಳಿ ಧೂಳು ತರುತ್ತಿತ್ತು. ತ್ರ್ಯಂಬಕರಾವ್ ಶಿಬಿರಕ್ಕೆ ಬರುವವರ ಹೆಸರುಗಳನ್ನು ಚೀಟಿಗಳ ಮೇಲೆ ಬರೆಯುತ್ತಿದ್ದವನು ಅವಳನ್ನು ಕಂಡು ಕೈ ಚಾಚಿದ.

"ಬರ್ರಿ ಬಾಯಾರ. ಹಾಳಿ ಕೊಡ್ರಿ. ನಾಳೆ ಸಂಜೀ ಗಾಡಿಗೆ ಹೊಂಟೇನಿ."

ಹಾಳೆಗಳು ಚೀಲದಲ್ಲಿಯೇ ಇದ್ದವು. ಕೈ ಹಾಕಿದರೆ ಸಿಗುವಷ್ಟು ಮೇಲೆ. "ಆಗಲಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲಿಗೆ ಬಂದದ್ದನ್ನು ಈ ಸಲ ಅವಳು ಗಮನಿಸಿದಳು.

"ಗಾಡಿ ಪುಣೆದಾಗ ಬದಲ ಮಾಡಬೇಕಲ್ರಿ?" ಎಂದು ಕೇಳಿದಳು.

"ಹೌದ್ರಿ. ಹೊತ್ತು ಹೋಗೂದಿಲ್ಲ, ಎದುರಿಗೇ ನಿಂತಿರತದ. ದಾದರದಾಗ ಇಳದು ಬಸ್ ಹಿಡದ್ರ ಮಶೀನಿನ ಬಾಗಲಕ್ಕ ಬಿಡ್ತದ. ಯಾಕ್ರಿ?"

"ಸುಮ್ಮನ ಕೇಳಿದೆ. ಹಾಳಿ ಇನ್ನೊಮ್ಮೆ ನೋಡಬೇಕು. ನಾಳಿ ಸ್ಟೇಶನ್ನಿಗೆ ಬರತಾವ."

"ನಿಮ್ಮ ಅಂಗಡಿ ಶರೀಫನ ಕೈಲಿ ಕಳಸ್ರಿ ಹಂಗಾರ. ನಾನೂ ಹುಬ್ಬಳ್ಳ್ಯಾಗ ಹತ್ತತೇನಿ, ಅಲ್ಲೆ ಗಾಡಿ ಭಾಳ ಹೊತ್ತು ನಿಲ್ತದ. ನಾ ಕಿಟಕಿಯಾಗ ಇರತೇನಿ."

"ಹೂಂ" ಎಂದಳು.

ತನ್ನ ಮೇಜಿಗೆ ಹೋಗಿ ಕೂತಳು. ನಾಳೆ ಆ ಗಾಡಿಗೆ ತಾನೇ ಹತ್ತುತ್ತೇನೆ, ಹೆಂಗಸರ ಡಬ್ಬಿಗೆ, ಹಾಳೆಗಳನ್ನು ತನ್ನ ಕೈಯಲ್ಲೇ ಹಿಡಿದು. ಅದು ಗಟ್ಟಿಯಾದದ್ದು ಯಾವಾಗ ಎಂದು ಅವಳಿಗೂ ತಿಳಿಯಲಿಲ್ಲ. ಅಲ್ಲಿ ಹೊರಗಿನವರನ್ನು ಯಂತ್ರದ ಕೋಣೆಗೆ ಬಿಡುವರೋ ಇಲ್ಲವೋ. ಬಿಟ್ಟರೂ ಒಂದು ದಿನ ನಿಂತು ನೋಡಿದ್ದು ಆರು ತಿಂಗಳಿಗೆ ಸಮನಾಗುವುದಿಲ್ಲ. ಹೋದ ಎರಡು ವರ್ಷ ಹೋದವು. ತ್ರ್ಯಂಬಕರಾವ್ ಬೆರಳ ತುದಿಯಲ್ಲಿ ಹೇಳುವುದನ್ನು ಅವಳು ಇನ್ನು ಎಷ್ಟು ಓದಿದರೂ ತಡವರಿಸಿಯೇ ಹೇಳುವಳು. ಆದರೂ ಬಂದವರ ಮುಂದೆ ತಾನೇ ನಿಲ್ಲಬೇಕು. ಯಂತ್ರ ಎಷ್ಟು ದೊಡ್ಡದು ಎಂದು ಅವರು ಕೇಳಿದರೆ ಕೈ ಅಗಲಿಸಿ ತೋರಿಸಬೇಕು. ಮನೆಯಲ್ಲಿ ನಾಳೆ ಬೆಳಿಗ್ಗೆ ಹೇಳಬೇಕು. ಊಟದ ಹೊತ್ತಿನಲ್ಲಿ ಮಾತ್ರ ಹೇಳಬಾರದು. ಬೇಡ ಎನ್ನುವುದಿದ್ದರೆ ಅವರೇ ಬಾಯಿಬಿಟ್ಟು ಅನ್ನಲಿ. ಅಂದರೆ ಆಗ ನೋಡಿಕೊಂಡರಾಯಿತು.

ಸಿದ್ದಲಿಂಗಪ್ಪನವರು ಬಾಗಿಲಲ್ಲಿ ಇಣುಕಿದರು.

"ದಾನಮ್ಮಾರ, ಶಿಬಿರದ ಮಂದಿಗೆ ಚಹಾದ ಜೋಡಿ ಏನು ಮಾಡ್ಸೂಣು? ಅದೆಲ್ಲಾ ನಿಮಗ ಗೊತ್ತಿರತೈತಿ."

"ಗಿರಮಿಟ್ಟು, ಮಿರ್ಚಿ ಸಾಕ್ರಿ ಸರ್" ಎಂದಳು ದಾನವ್ವ.